‘ಎ’ ಮತ್ತು ‘ಆ್ಯನ್’: ಕನ್ನಡಿಗರಿಗೊಂದು ಸೂಚನೆ

ತ್ರಿಪ್ಲಿಕೇನಿನ ನಮ್ಮ ಮನೆಗೆ ಉದ್ಯೋಗದ ಅರ್ಜಿಗಳನ್ನು ತಿದ್ದಿಸಿಕೊಳ್ಳಲು ಬರುವ ಕನ್ನಡ ತರುಣರಲ್ಲಿ ಅನೇಕರು ಮೊದಲ ಸಾಲಿನಲ್ಲಿಯೇ ‘ಎ ಎಂ.ಕಾಂ.’ ಎಂದು ಬರೆದಿರುತ್ತಾರೆ. ‘ಎಂ’ ವ್ಯಂಜನವಲ್ಲವೇ ಎಂಬುದು ಅವರ ವಾದ. ಆದರೆ ಇಲ್ಲಿ ಪ್ರಾಧಾನ್ಯವಿರುವುದು ಅಕ್ಷರಕ್ಕಲ್ಲ, ಉಚ್ಚಾರಕ್ಕೆ. ಮುಂದಿನ ಪದವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದು ನೋಡಿರಿ: ಸ್ವರದಿಂದ ಮೊದಲಾದರೆ ‘ಆ್ಯನ್’, ವ್ಯಂಜನದಿಂದಾದರೆ ‘ಎ’. ಆದುದರಿಂದಲೇ ‘ಆ್ಯನ್ ಎಂ.ಕಾಂ.’, ‘ಆ್ಯನ್ ಎಕ್ಸ್‌ರೇ’, ‘ಎಚ್’ ಮೂಕವಾಗಿರುವ ‘ಆ್ಯನ್ ಅವರ್’. ನೆರೆಯ ಚೇಪಾಕಿನಲ್ಲಿ 1857ರಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯಾದರೋ ‘ಎ ಯೂನಿವರ್ಸಿಟಿ’.

ನಿಜವಾದ ತೊಡಕು ನಮ್ಮ ನಾಲಿಗೆಯದು. ‘ಎಂಟ’ನ್ನು ‘ಯೆಂಟು’, ‘ಒಂದ’ನ್ನು ‘ವೊಂದು’ ಎನ್ನುವ ರೂಢಿಯಿಂದ ‘ಎಗ್’ ಸಹ ‘ಯೆಗ್’ ಆಗುತ್ತದೆ. ಕಿವಿಯೂ ‘ಎ’ ಎಂದೇ ಸುಳ್ಳುಸಾಕ್ಷಿ ನುಡಿಯುತ್ತದೆ. ಹಿಂದೊಮ್ಮೆ ‘ಎ ಓವರ್‌ಡ್ರಾಫ್ಟ್’ ಎಂದು ಬರೆದು ಮೇಲಧಿಕಾರಿಗಳ ಕೆಂಪು ಶಾಯಿಗೆ ಗುರಿಯಾದವನು ನಾನು.