ಕಾರ್ಬೊರೇಟರ್ ಸೋರಿಕೆ: ಹನಿ ಬಿದ್ದ ಜಾಗದಿಂದ ದೋಷದ ಮೂಲಕ್ಕೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳ ಕಾಲದಿಂದಲೂ ಈ ಸೀಮೆಯ ಮೆಕ್ಯಾನಿಕ್ಕುಗಳ ಕೈಚಳಕವನ್ನು ಒರೆಗೆ ಹಚ್ಚುತ್ತ ಬಂದ ಭಾಗವೆಂದರೆ ಕಾರ್ಬೊರೇಟರ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಇಂಧನ ಇಂಜೆಕ್ಷನ್ ವ್ಯವಸ್ಥೆಯೇ ಇದೆಯಾದರೂ, ವ್ಯಾಸರಾಜ ಮಠದಿಂದ ಹೆಸರಾದ ತಿ.ನರಸೀಪುರ ತಾಲ್ಲೂಕಿನ ಸೋಸಲೆಯಂತಹ ಊರುಗಳಲ್ಲಿ ಮೇವಿನ ಹೊರೆ, ಹಾಲಿನ ಕ್ಯಾನು ಹೊತ್ತು ಗದ್ದೆಬಯಲಿನ ಹಾದಿಯಲ್ಲಿ ಓಡುವ ಹಳೆಯ ಬೈಕುಗಳು ಇಂದಿಗೂ ಕಾರ್ಬೊರೇಟರನ್ನೇ ನೆಚ್ಚಿಕೊಂಡಿರುವುದರಿಂದ, ಪೆಟ್ರೋಲ್ ಸೋರಿಕೆ ಪತ್ತೆಹಚ್ಚಿ ಸರಿಪಡಿಸುವ ವಿದ್ಯೆಗೆ ಬೆಲೆ ಕುಂದಿಲ್ಲ.

ಟ್ಯಾಂಕಿನಿಂದ ಕಾಕ್ ಎಂಬ ನಲ್ಲಿಯ ಮೂಲಕ ತನ್ನ ಭಾರದಿಂದಲೇ ಇಳಿದು ಬರುವ ಪೆಟ್ರೋಲ್, ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಒಂದು ನಿಗದಿತ ಮಟ್ಟದವರೆಗೆ ಮಾತ್ರ ನಿಲ್ಲಬೇಕು. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನಲ್ಲಿಯನ್ನು ಮುಚ್ಚುವ ಹಾಗೆ, ಇಲ್ಲಿ ಫ್ಲೋಟ್ ಎಂಬ ತೇಲುಬುರುಡೆ ಮೇಲೇರಿದಾಗ ನೀಡಲ್ ಎಂಬ ಮೊನಚು ಕಡ್ಡಿ ತನ್ನ ಪೀಠದಲ್ಲಿ ಕೂತು ಒಳಹರಿವನ್ನು ತಡೆಯುತ್ತದೆ. ಈ ತಡೆ ತಪ್ಪಿದರೆ ಹೆಚ್ಚುವರಿ ಪೆಟ್ರೋಲ್ ಓವರ್‌ಫ್ಲೋ ಪೈಪಿನಲ್ಲಿ ಹೊರಬೀಳುತ್ತದೆ.

ಬಿಚ್ಚುವ ಮೊದಲು ನೋಡಬೇಕು. ಕಸುಬಿನ ಅರ್ಧ ಭಾಗ ಇದರಲ್ಲೇ ಇದೆ. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಕಾರ್ಬೊರೇಟರನ್ನು ಬಟ್ಟೆಯಿಂದ ಒಣಗುವಂತೆ ಒರೆಸಿ, ಕಾಕ್ ತೆರೆದು ಕಾದರೆ ಮೊದಲ ಹನಿ ಮೂಡುವ ಜಾಗ ಕಾಣುತ್ತದೆ. ಬಟ್ಟಲಿನ ಅಂಚಿನಲ್ಲಿ ಒದ್ದೆಯಾದರೆ ಗ್ಯಾಸ್ಕೆಟ್, ತಳದಲ್ಲಿ ತೊಟ್ಟಿಕ್ಕಿದರೆ ಡ್ರೈನ್ ಸ್ಕ್ರೂ, ಮೇಲಿನಿಂದ ಜಿನುಗಿದರೆ ಬಿರುಕುಬಿಟ್ಟ ರಬ್ಬರ್ ಪೈಪು ಕಾರಣವಾಗಿರುತ್ತದೆ. ಇವು ಸುಲಭದ ಕೆಲಸಗಳು. ಓವರ್‌ಫ್ಲೋ ಪೈಪಿನಿಂದ ಬರುವ ಸೋರಿಕೆಗೆ ಮಾತ್ರ ತಾಳ್ಮೆ ಬೇಕು.

ಬಟ್ಟಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಸೋರಿಕೆ ನಿಂತರೆ ನೀಡಲ್ ಸಿಕ್ಕಿಕೊಂಡಿತ್ತೆಂದೋ ಟ್ಯಾಂಕಿನ ತುಕ್ಕಿನ ಕಣ ಪೀಠದಲ್ಲಿ ಕೂತಿತ್ತೆಂದೋ ತಿಳಿಯಬಹುದು; ಟ್ಯಾಂಕನ್ನೂ ಕಾಕಿನ ಜಾಲರಿಯನ್ನೂ ಶುಚಿಗೊಳಿಸದಿದ್ದರೆ ಅದೇ ತೊಂದರೆ ಮರುಕಳಿಸುತ್ತದೆ. ನೀಡಲ್ ತುದಿಯಲ್ಲಿ ಉಗುರಿಗೆ ತಾಕುವಂತೆ ಸುತ್ತಲೂ ಗೀರು ಬಿದ್ದಿದ್ದರೆ ಅದನ್ನು ಬದಲಿಸುವುದೇ ದಾರಿ. ಹಳೆಯ ಹಿತ್ತಾಳೆ ಫ್ಲೋಟಿನ ಬೆಸುಗೆ ಬಿಟ್ಟು ಒಳಗೆ ಪೆಟ್ರೋಲ್ ಸೇರಿದ್ದರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ದ್ರವದ ಸದ್ದು ಕೇಳುತ್ತದೆ, ಬಿಸಿನೀರಿನಲ್ಲಿ ಅದ್ದಿದಾಗ ತೂತಿನ ಜಾಗದಿಂದ ಗುಳ್ಳೆಗಳು ಏಳುತ್ತವೆ. ಒಳಗಿನ ಪೆಟ್ರೋಲ್ ಪೂರ್ಣ ಆರುವವರೆಗೆ ಅದಕ್ಕೆ ಬೆಸುಗೆ ಹಾಕುವುದು ಅಪಾಯ. ಇವೆಲ್ಲ ಸರಿಯಿದ್ದೂ ಸೋರಿದರೆ, ಬಟ್ಟಲಿನೊಳಗೆ ನೆಟ್ಟಗೆ ನಿಂತ ಓವರ್‌ಫ್ಲೋ ಕೊಳವೆಯ ಕೂದಲೆಳೆಯಷ್ಟು ಸಣ್ಣ ಬಿರುಕನ್ನು ಶಂಕಿಸಬೇಕು. ಕಳಚಿದ ಬಟ್ಟಲಿಗೆ ಕೊಳವೆಯ ತುದಿಗಿಂತ ಕೆಳಗಿರುವಷ್ಟು ಪೆಟ್ರೋಲ್ ತುಂಬಿ ಕೈಯಲ್ಲಿ ಹಿಡಿದಾಗ ತಳದಿಂದ ಹನಿಯುವುದಾದರೆ ಶಂಕೆ ದಿಟವಾಗುತ್ತದೆ. ಈ ಪರೀಕ್ಷೆಯನ್ನು ಮಾಡದೆ ಇಡೀ ಕಾರ್ಬೊರೇಟರನ್ನೇ ಬದಲಿಸಿಬಿಡುವುದು ಬೈಕಿನ ಒಡೆಯನಿಗೆ ಹೊರಿಸುವ ಅನ್ಯಾಯದ ಹೊರೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈ ಕೆಲಸಕ್ಕೆ ಹೊಸದೊಂದು ಎಚ್ಚರವನ್ನು ಸೇರಿಸಿದೆ. ಈ ಭಾಗದ ರೈತರು ಬೆಳೆಯುವ ಕಬ್ಬಿನಿಂದಲೂ ತಯಾರಾಗಬಲ್ಲ ಎಥೆನಾಲ್ ನೀರನ್ನು ಹೀರಿಕೊಳ್ಳುವುದಲ್ಲದೆ, ಅದಕ್ಕೆ ಹೊಂದದ ಹಳೆಯ ರಬ್ಬರನ್ನು ಉಬ್ಬಿಸಬಲ್ಲದು ಅಥವಾ ಗಡುಸಾಗಿಸಬಲ್ಲದು. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಬೈಕಿನ ಬಟ್ಟಲನ್ನು ಬರಿದುಮಾಡಿ ಕಾಕ್ ಮುಚ್ಚಿಡುವುದು ಮೇಲು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ಹರಡಿ, ದೂರದ ಬೀಡಿಯ ಕಿಡಿಯನ್ನೂ ತಲುಪಬಲ್ಲದು. ಹಾಗಾಗಿ ರಿಪೇರಿಯನ್ನು ಬಯಲಿನಲ್ಲೇ ಮಾಡಬೇಕು. ಇನ್ನು, ಸೋರಿಕೆ ಒಳಮುಖವಾಗಿದ್ದರೆ ಹೊರಗೆ ಒಂದು ಹನಿಯೂ ಕಾಣದಿರಬಹುದು: ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಸಿಲಿಂಡರಿಗಿಳಿದು, ಪಿಸ್ಟನ್ ರಿಂಗುಗಳನ್ನು ದಾಟಿ ಆಯಿಲ್ ಸೇರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಗೆ ಮೆತ್ತಿದ ಆಯಿಲ್ ತೆಳುವಾಗಿದ್ದು ಪೆಟ್ರೋಲ್ ವಾಸನೆ ಹೊಡೆದರೆ, ಕಾರ್ಬೊರೇಟರ್ ಸರಿಪಡಿಸಿ ಹೊಸ ಆಯಿಲ್ ಹಾಕುವವರೆಗೆ ಕಿಕ್ ಹೊಡೆಯಬಾರದು.