ತಿಪ್ಪೆ ಲಾರಿ ಹತ್ತಿದರೆ ಹೊಲಕ್ಕೆ ಉಳಿಯುವುದೇನು?

ಬೇಸಿಗೆ ಬಂತೆಂದರೆ ನಮ್ಮ ತುಮಕೂರು, ಚಿತ್ರದುರ್ಗದ ಸೀಮೆಯಲ್ಲಿ ಗೊಬ್ಬರದ ಲಾರಿಗಳ ಓಡಾಟ ಶುರು. ನಮ್ಮ ಬಯಲುಸೀಮೆಯ ತಿಪ್ಪೆ ಗೊಬ್ಬರ, ಕುರಿ ಗೊಬ್ಬರ ಮಲೆನಾಡಿನ ಅಡಿಕೆ, ಕಾಫಿ ತೋಟಗಳಿಗೆ ಹೋಗುತ್ತದೆ. ಕೊಳ್ಳುವವರದ್ದು ತಪ್ಪೆನ್ನಲಾರೆ. ಅವರ ತೋಟಕ್ಕೆ ಬೇಕು, ದುಡ್ಡು ಕೊಟ್ಟು ಒಯ್ಯುತ್ತಾರೆ. ಆದರೆ ಮಾರುವ ನಾವು ಏನನ್ನು ಮಾರುತ್ತಿದ್ದೇವೆಂದು ಒಮ್ಮೆಯಾದರೂ ಲೆಕ್ಕ ಹಾಕಿದ್ದೇವೆಯೇ?

ಈಚೆಗೆ ಸಭೆಗಳಲ್ಲಿ ‘ಚಕ್ರೀಯ ಆರ್ಥಿಕತೆ’ ಎಂಬ ದೊಡ್ಡ ಮಾತು ಕೇಳಿಬರುತ್ತಿದೆ. ಓದಿದವರು ಏನೇ ಹೆಸರಿಡಲಿ, ನಮ್ಮ ಬಾಯಲ್ಲಿ ಅದು ‘ಹೊಲದ್ದು ಹೊಲಕ್ಕೆ’. ರಾಗಿ ಮನೆಗೆ, ಹುಲ್ಲು ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಈ ಸುತ್ತು ಎಲ್ಲಿ ಕಡಿಯುತ್ತದೆ, ಅದನ್ನು ಕೂಡಿಸುವುದು ಹೇಗೆ ಎಂದು ನಾಲ್ಕು ಎಕರೆ ಕೆಂಪು ನೆಲದ ಮಳೆಯಾಶ್ರಿತ ರೈತನಾಗಿ ನನಗೆ ತಿಳಿದಷ್ಟು ಬರೆಯುತ್ತೇನೆ.

ಒಂದು ಟ್ರೇಲರಿನ ಲೆಕ್ಕ

ಸಾಧಾರಣ ಕೊಟ್ಟಿಗೆ ಗೊಬ್ಬರ ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕ, 2 ಕಿಲೋ ರಂಜಕ, 5 ಕಿಲೋ ಪೊಟ್ಯಾಷ್ ಇರುತ್ತದೆ. ಟ್ರ್ಯಾಕ್ಟರ್ ಟ್ರೇಲರಿಗೆ 2 ಟನ್ ಎಂದಿಟ್ಟುಕೊಳ್ಳಿ. ಅಲ್ಲಿಗೆ ಒಂದು ಲೋಡ್ ಎಂದರೆ ಅರ್ಧ ಮೂಟೆ ಯೂರಿಯಾ, ಅರ್ಧ ಮೂಟೆ ಸೂಪರ್ ಫಾಸ್ಫೇಟ್, ಮೂರನೇ ಒಂದು ಮೂಟೆ ಪೊಟ್ಯಾಷ್‌ಗೆ ಸಮ.

ಈ ಲೆಕ್ಕ ಕೇಳಿದವರು ಕೂಡಲೇ, ‘ಅಷ್ಟೇನಾ? ಹಂಗಾದ್ರೆ ತಿಪ್ಪೆ ಮಾರಿ ಮೂಟೆ ತರೋದೇ ಲಾಭ ಅಲ್ವೇನಣ್ಣ’ ಅನ್ನುತ್ತಾರೆ. ಬರೀ ಮೂಟೆಯ ಲೆಕ್ಕ ನೋಡಿದರೆ ಮಾತು ನಿಜವೇ. ಆದರೆ ಮೂಟೆಯಲ್ಲಿ ಇಲ್ಲದ್ದು ತಿಪ್ಪೆಯಲ್ಲಿದೆ. ನಮ್ಮ ಕೆಂಪು ಮರಳು ಮಿಶ್ರಿತ ನೆಲಕ್ಕೆ ನೀರು ಹಿಡಿಯುವ ಶಕ್ತಿ ಕಡಿಮೆ. ಕೊಳೆತ ಗೊಬ್ಬರ ಸೇರಿದರೆ ಮಣ್ಣು ಬಿರುಸಾಗುವುದಿಲ್ಲ, ಮಳೆ ನೀರು ಒಳಗಿಳಿಯುತ್ತದೆ, ತೇವ ಇನ್ನಷ್ಟು ದಿನ ನಿಲ್ಲುತ್ತದೆ. ತೆನೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಆ ತೇವವೇ ಬೆಳೆ ಕಾಯಬೇಕು. ನೀರಾವರಿ ಇರುವವನು ಮೋಟಾರು ಹಾಕುತ್ತಾನೆ. ನಮಗೆ ತಿಪ್ಪೆಯೇ ಮೋಟಾರು.

ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಒಂದೇ ನೆಲದಲ್ಲಿ ಮಳೆಯಾಶ್ರಿತ ರಾಗಿ ಬೆಳೆದು ಇದನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಬರೀ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಹೆಕ್ಟೇರಿಗೆ 10 ಟನ್, ಎಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕುಗಳಲ್ಲಿ ಇಳುವರಿ ನಿಂತಿತು. ಮೂಟೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ತಿಪ್ಪೆಯಿಲ್ಲದ ನೆಲದಲ್ಲಿ ಮೂಟೆಯೂ ಸೋಲುತ್ತದೆ.

ತಿಪ್ಪೆಯಲ್ಲೇ ಸೋರಿಕೆ

ಲಾರಿಗೆ ಹಾಕದವರ ಮನೆಯಲ್ಲೂ ಗೊಬ್ಬರ ಪೂರ್ತಿ ಹೊಲ ಸೇರುವುದಿಲ್ಲ. ಬಯಲಲ್ಲಿ ಗುಡ್ಡೆ ಹಾಕಿದ ತಿಪ್ಪೆಯ ಸಾರಜನಕ ಬಿಸಿಲಿಗೆ ಗಾಳಿ ಪಾಲು, ಉಳಿದ ಸಾರ ಮಳೆಗೆ ಚರಂಡಿ ಪಾಲು. ಗಂಜಲದ ಗತಿ ಇನ್ನೂ ಕಷ್ಟ. ಒಂದು ನಾಟಿ ದನ ದಿನಕ್ಕೆ 6ರಿಂದ 10 ಲೀಟರ್ ಗಂಜಲ ಹುಯ್ಯುತ್ತದೆ. ದನ ತಿಂದ ಮೇವಿನ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಹೊರಬರುವುದು ಗಂಜಲದಲ್ಲೇ. ಸಗಣಿಯನ್ನು ಬಾಚಿ ಗಂಜಲವನ್ನು ಬಿಟ್ಟರೆ ಅರ್ಧ ಗೊಬ್ಬರ ಬಿಟ್ಟಂತೆ.

ಇದಕ್ಕೆ ಸಿಮೆಂಟಿನ ನೆಲವೇ ಆಗಬೇಕೆಂದಿಲ್ಲ. ದನ ನಿಲ್ಲುವ ಜಾಗಕ್ಕೆ ಒಣ ಮಣ್ಣು, ತರಗೆಲೆ, ದನ ತಿಂದುಳಿದ ಹುಲ್ಲಿನ ಕಸ ಮೂರು ಬೆರಳು ದಪ್ಪ ಹಾಸಿ. ಗಂಜಲ ಕುಡಿದು ನೆನೆದ ಮೇಲೆ ಎತ್ತಿ ಗುಂಡಿಗೆ ಹಾಕಿ, ಹೊಸದು ಹಾಸಿ.

ಗುಂಡಿ 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳ ಇದ್ದರೆ ಸಾಕು. ಹೊಂಗೆ ಮರದ ನೆರಳಾದರೆ ಒಳ್ಳೆಯದು. ಗುಂಡಿಯ ತುಂಬ ಹರಡದೆ ಒಂದು ತುದಿಯಿಂದ ತುಂಬುತ್ತ ಬನ್ನಿ. ತುಂಬಿದ ಭಾಗ ನೆಲದಿಂದ ಒಂದೂವರೆ ಅಡಿ ಮೇಲೆ ಬಂದಾಗ ಮಣ್ಣು, ಸಗಣಿ ಕಲಸಿ ಮೆತ್ತಿಬಿಡಿ. ನಾಲ್ಕೈದು ತಿಂಗಳಿಗೆ ಗೊಬ್ಬರ ಹದವಾಗುತ್ತದೆ. ಒಲೆಯ ಬೂದಿಯನ್ನು ಮಾತ್ರ ಹಸಿ ಸಗಣಿಗೆ ಬೆರೆಸಬೇಡಿ. ಬೂದಿಯ ಖಾರಕ್ಕೆ ಸಾರಜನಕ ಹಾರಿಹೋಗುತ್ತದೆ. ಅದನ್ನು ಬೇರೆ ಇಟ್ಟು ನೇರ ಹೊಲಕ್ಕೆ ಎರಚಿದರೆ ಪೊಟ್ಯಾಷ್ ಸಿಕ್ಕಿತು.

ಹೊಲಕ್ಕೆ ಹೊಡೆದ ಗೊಬ್ಬರವನ್ನೂ ಚಿಕ್ಕ ಚಿಕ್ಕ ಗುಡ್ಡೆ ಮಾಡಿ ತಿಂಗಳುಗಟ್ಟಲೆ ಒಣಗಲು ಬಿಡಬಾರದು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಬೇಕು.

ಇಷ್ಟಕ್ಕೇ ಸಾಲದು

ಎರಡು ಎತ್ತು, ಒಂದು ಹಸು ಇರುವ ನನ್ನಂಥವರ ಮನೆಯಲ್ಲಿ ಎಷ್ಟೇ ಜೋಪಾನ ಮಾಡಿದರೂ ವರ್ಷಕ್ಕೆ ಐದಾರು ಟನ್ ಗೊಬ್ಬರವಾದೀತು. ಎಕರೆಗೆ 3 ಟನ್ನಿನಂತೆ ಅದು ಎರಡು ಎಕರೆಗೆ ಸಾಕು. ಆದ್ದರಿಂದ ನಾಲ್ಕು ಎಕರೆಯಲ್ಲಿ ಈ ವರ್ಷ ಎರಡು, ಮುಂದಿನ ವರ್ಷ ಇನ್ನೆರಡು ಎಂದು ಪಾಳಿ ಹಾಕುವುದು ಮೇಲು. ಎಲ್ಲ ಕಡೆಗೂ ಹಿಡಿಹಿಡಿ ಎರಚಿದರೆ ಎಲ್ಲಿಯೂ ಕಾಣುವುದಿಲ್ಲ.

ಗೊಬ್ಬರ ಬೀಳದ ಎರಡು ಎಕರೆಗೆ ಬೇರೆ ದಾರಿಗಳಿವೆ.

ಮೊದಲನೆಯದು ಕುರಿ ಮಂದೆ. ಸುಗ್ಗಿ ಮುಗಿದ ಖಾಲಿ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹಿಕ್ಕೆಯ ಜೊತೆಗೆ ಗಂಜಲವೂ ನೇರ ನೆಲಕ್ಕೆ. ಹೊರುವ ಕೂಲಿ ಇಲ್ಲ, ಸಾಗಣೆ ಇಲ್ಲ. ಕುರಿ ಗೊಬ್ಬರ ಕೊಟ್ಟಿಗೆ ಗೊಬ್ಬರಕ್ಕಿಂತ ಎಷ್ಟೋ ಗಟ್ಟಿ. ಮಂದೆ ಎದ್ದ ಮೇಲೆ ಒಂದು ಸಾಲು ತೆಳುವಾಗಿ ಉಳಬೇಕು. ಕುರಿಗಾಹಿಗೆ ಕೊಡುವ ರಾಗಿ, ದುಡ್ಡಿನಲ್ಲಿ ಚೌಕಾಸಿ ಮಾಡಿದರೆ ಮುಂದಿನ ವರ್ಷ ಆತ ಪಕ್ಕದ ಊರಿಗೆ ಹೋಗುತ್ತಾನೆ.

ಎರಡನೆಯದು ಕೆರೆಯ ಗೋಡು. ನಮ್ಮ ಹೊಲಗಳಿಂದಲೇ ಕೊಚ್ಚಿಹೋದ ಮೇಲ್ಮಣ್ಣು ಕೆರೆಯಲ್ಲಿ ಕೂತಿದೆ. ಕೆರೆ ಒಣಗಿದಾಗ ಪಂಚಾಯಿತಿಗೆ ತಿಳಿಸಿ, ಒಪ್ಪಿಗೆ ಪಡೆದು, ಏರಿಯಿಂದ ದೂರ, ಮೇಲಿನ ಪದರದ ಗೋಡನ್ನಷ್ಟೇ ತೆಗೆದು ಹೊಲಕ್ಕೆ ಹೊಡೆದರೆ ಕೆರೆಗೆ ನೀರು, ಹೊಲಕ್ಕೆ ಜೀವ. ಗೋಡಿನಲ್ಲಿರುವ ಜೇಡಿ ಮಣ್ಣು ಕೆಂಪು ನೆಲಕ್ಕೆ ತೇವ ಹಿಡಿಯುವ ಗುಣ ಕೊಡುತ್ತದೆ. ಅದರ ಫಲ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಚೌಳು ಇರುವ ಕೆರೆಯ ಗೋಡು ಮಾತ್ರ ಬೇಡ.

ಮೂರನೆಯದು ಅಕ್ಕಡಿ. ರಾಗಿ ಎಂಟು ಸಾಲಿಗೆ ತೊಗರಿ ಎರಡು ಸಾಲು ಎಂದು ಕೃಷಿ ವಿಶ್ವವಿದ್ಯಾಲಯದವರೂ ಹೇಳುತ್ತಾರೆ. ನಮ್ಮ ಹಿರಿಯರು ಅವರೆ, ಹುಚ್ಚೆಳ್ಳು, ಸಾಸಿವೆ ಎಲ್ಲವನ್ನೂ ಸಾಲು ಹಿಡಿಸುತ್ತಿದ್ದರು. ತೊಗರಿ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಉದುರಿದ ಎಲೆ ನೆಲಕ್ಕೆ ಹಾಸಿಗೆ. ಇನ್ನೊಂದು ಲಾಭ ಒಲೆಯದ್ದು. ತೊಗರಿ ಕಡ್ಡಿ ಉರುವಲಾದರೆ ಬೆರಣಿ ತಟ್ಟುವುದು ತಪ್ಪುತ್ತದೆ, ಆ ಸಗಣಿ ಗುಂಡಿಗೆ ಸೇರುತ್ತದೆ. ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ ಇದ್ದರೆ ಸೊಪ್ಪಿಗೂ ಅಲೆಯಬೇಕಿಲ್ಲ.

ಪೇಟೆಗೆ ಹೋದದ್ದು

ಕಾಳು ಮಾರಲೇಬೇಕು. ಅದರ ಜೊತೆ ಸಾರವೂ ಪೇಟೆಗೆ ಹೋಗುತ್ತದೆ. ಅದನ್ನು ಹೊಲಕ್ಕೆ ಮರಳಿಸುವ ದಾರಿ ನಮ್ಮಲ್ಲೇ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮುಚ್ಚಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಅದು ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ. ಇಂದು ಪೇಟೆಯ ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬ್ಯಾಟರಿ ಬೆರೆತಿದೆ. ಮನೆಯಲ್ಲೇ ಹಸಿ ಕಸ ಬೇರೆ ಮಾಡಿದ ಗೊಬ್ಬರವಾದರೆ ಸೈ. ಬೆರಕೆ ಕಸದ್ದನ್ನು ಯಾರಾದರೂ ಪುಕ್ಕಟೆ ತಂದು ಸುರಿಯುತ್ತೇವೆಂದರೂ ಒಪ್ಪಬೇಡಿ. ಒಮ್ಮೆ ಹೊಲಕ್ಕೆ ಬಿದ್ದ ಗಾಜಿನ ಚೂರನ್ನು ಹೆಕ್ಕಿ ಮುಗಿಸಲಾಗದು.

ದನ ಉಳಿದರೆ ತಿಪ್ಪೆ

2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಬರ ಬಂದಾಗ ಮೊದಲು ಸಂತೆಗೆ ಹೋಗುವುದು ದನ. ದನ ಹೋದ ಮನೆಯಲ್ಲಿ ತಿಪ್ಪೆ ಇಲ್ಲ, ತಿಪ್ಪೆ ಇಲ್ಲದ ಹೊಲ ಮುಂದಿನ ಬರಕ್ಕೆ ಇನ್ನೂ ಬೇಗ ಬಾಡುತ್ತದೆ. ಆದ್ದರಿಂದ ಒಳ್ಳೆಯ ವರ್ಷದಲ್ಲಿ ರಾಗಿ ಹುಲ್ಲನ್ನು ಪೂರ್ತಿ ಮಾರಬಾರದು. ಮುಂದಿನ ಮಳೆಗಾಲ ದಾಟುವಷ್ಟು ಹುಲ್ಲು ಬಣವೆಯಲ್ಲಿರಲಿ. ಬೆಳೆ ತೆಗೆದುಕೊಂಡ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಇರುವುದೂ ಹುಲ್ಲಿನಲ್ಲೇ.

ಮದುವೆ, ಆಸ್ಪತ್ರೆ, ಸಾಲ ಎಂದು ದುಡ್ಡಿನ ತುರ್ತು ಎಲ್ಲರಿಗೂ ಬರುತ್ತದೆ. ಆಗ ತಿಪ್ಪೆ ಮಾರಿದವರನ್ನು ದೂರುವುದಿಲ್ಲ. ಆದರೆ ತುರ್ತಿಲ್ಲದೆಯೂ, ಪಕ್ಕದ ಮನೆಯವರು ಮಾರಿದರೆಂದು ಮಾರುವುದಿದೆಯಲ್ಲ, ಅದನ್ನಾದರೂ ನಿಲ್ಲಿಸೋಣ. ಈ ಸಲ ಲಾರಿಯವರು ಬಂದು ರೇಟು ಕೇಳಿದರೆ, ಹೇಳುವ ಮುಂಚೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡಿ ಬನ್ನಿ.