ತರಕಾರಿ ಗ್ರೂಪಲ್ಲಿ ವೋಟಿನ ಜಗಳ: ಅರ್ಧ ಗಿರಾಕಿ ಕಳ್ಕೊಂಡ ಕತೆ

ನೇರ ಮಾರಾಟದ ಬಗ್ಗೆ ಬರೀರಿ ಅಂತ ಬಹಳ ಜನ ಕೇಳ್ತಾ ಇದ್ದಿರಿ. ಪ್ಯಾಕಿಂಗ್, ರೇಟು, ಗಾಡಿ ಬಾಡಿಗೆ ಎಲ್ಲ ಇನ್ನೊಂದು ವಾರ ಬರೀತೀನಿ. ಇವತ್ತು ನಾನು ಮಾಡ್ಕೊಂಡ ಒಂದು ಎಡವಟ್ಟಿನ ಬಗ್ಗೆ.

ನಮ್ಮದು ಮಳವಳ್ಳಿ ತಾಲ್ಲೂಕು. ಎರಡೂವರೆ ಎಕರೆ, ಒಂದು ಬೋರು. ಟೊಮೇಟೊ, ಬೀನ್ಸ್, ಬದನೆ, ಸೊಪ್ಪು, ಬದುವಿನ ಮೇಲೆ ನುಗ್ಗೆ. ಲಾಕ್‌ಡೌನ್ ಕಾಲದಲ್ಲಿ ಮಂಡಿಯಲ್ಲಿ ಟೊಮೇಟೊ ಕೇಳೋರಿಲ್ಲದಾಗ, ದೊಡ್ಡಪ್ಪನ ಮಗ ತಾನಿದ್ದ ಬೆಂಗಳೂರಿನ ಅಪಾರ್ಟ್‌ಮೆಂಟಿನವರದ್ದು ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಟ್ಟ. ಗುರುವಾರ ರಾತ್ರಿ ರೇಟು ಹಾಕೋದು, ಶುಕ್ರವಾರ ಆರ್ಡರ್, ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಕನಕಪುರದ ಮೇಲೆ ಗಾಡಿ. ಎರಡು ವರ್ಷದಲ್ಲಿ 41 ಮನೆ ಆಗಿದ್ವು.

2023ರ ಮೇ 13 ಶನಿವಾರ. ಅವತ್ತೇ ವಿಧಾನಸಭಾ ಚುನಾವಣೆ ಫಲಿತಾಂಶ. ಯಾರು ಗೆದ್ರು, ಯಾರು ಸೋತ್ರು ಅನ್ನೋದು ಇಲ್ಲಿ ಬೇಡ. ಸೊಪ್ಪು ಇಳಿಸಿ, ದುಡ್ಡು ಎಣಿಸ್ಕೊಂಡು, ವಾಪಸ್ ಬರ್ತಾ ಕನಕಪುರದಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಗ್ರೂಪಲ್ಲಿ ಒಂದು ಮೆಸೇಜು. ‘ಹಳ್ಳಿಯವರಿಗೆ ಬಸ್ ಫ್ರೀ, ಎರಡು ಸಾವಿರ ಫ್ರೀ ಅಂದ್ರೆ ಸಾಕು, ಬಟನ್ ಒತ್ತುತ್ತಾರೆ. ಟ್ಯಾಕ್ಸ್ ಕಟ್ಟೋರು ನಾವು.’ ಕೆಳಗೆ ಏಳೆಂಟು ನಗುವ ಎಮೋಜಿ. ಬರೆದವರು ಪ್ರತಿ ವಾರ ನನ್ನ ಹತ್ರ ನುಗ್ಗೆಸೊಪ್ಪು ತಗೊಳ್ಳೋರು. ಎದುರಿಗೆ ಸಿಕ್ಕಾಗ ‘ಏನಪ್ಪ, ಮಳೆ ಹೆಂಗಿದೆ’ ಅಂತ ಮಾತಾಡಿಸೋರು. ಗ್ರೂಪಲ್ಲಿ ನಾನೂ ಇದೀನಿ ಅನ್ನೋದು ಮರೆತಿದ್ರೋ, ಇದ್ರೆ ಏನಂತೆ ಅನ್ಕೊಂಡ್ರೋ ಗೊತ್ತಿಲ್ಲ.

ರೇಗಿಹೋಯ್ತು. ಅಲ್ಲೇ ನಿಂತು ಟೈಪ್ ಮಾಡಿದೆ. ಮೊನ್ನೆ ರಾಜ್ಯದಲ್ಲಿ ಶೇ 73 ವೋಟು ಬಿದ್ದಿದೆ, ನಿಮ್ಮ ಬೆಂಗಳೂರಲ್ಲಿ ಶೇ 55ರ ಆಸುಪಾಸು. ಬೂತಿಗೇ ಬರದವರು ನಮಗೆ ಬುದ್ಧಿ ಹೇಳಬೇಡಿ. ನೀವು ಕುಡಿಯೋ ಕಾವೇರಿ ನೀರು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರೋದು, ಅದನ್ನ ಏನಂತೀರಾ? ಜೊತೆಗೆ ಗೊಬ್ಬರದಂಗಡಿ ಬಿಲ್ಲಿನ ಫೋಟೊ ಹಾಕಿದೆ. ಕೀಟನಾಶಕಕ್ಕೆ ಶೇ 18 ಜಿಎಸ್‌ಟಿ. ವ್ಯಾಪಾರದವರು ತಾವು ಕಟ್ಟಿದ ಜಿಎಸ್‌ಟಿನ ಕ್ರೆಡಿಟ್ ಅಂತ ವಾಪಸ್ ಪಡೀತಾರೆ. ನೋಂದಣಿ ಇಲ್ಲದ ರೈತನಿಗೆ ಆ ದಾರಿ ಇಲ್ಲ, ಕಟ್ಟಿದ್ದು ಕಟ್ಟಿದಂಗೇ.

ಅಷ್ಟಕ್ಕೆ ನಿಲ್ಲಿಸಿದ್ರೆ ಒಳ್ಳೇದಿತ್ತು. ಕೊನೇಲಿ ‘ನಿಮ್ಮಂಥೋರಿಗೆ ರಾಗಿ ಪೈರಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ’ ಅಂತಲೂ ಸೇರಿಸಿದೆ. ಊರಲ್ಲಿ ಅದನ್ನ ಓದಿದ ಹುಡುಗರು ಬೆನ್ನು ತಟ್ಟಿದ್ರು. ಮುಂದಿನ ಶನಿವಾರ ಆರ್ಡರ್ ಬಂದದ್ದು 17 ಮನೆ. ಅರವತ್ತು ಕಟ್ಟು ದಂಟು, ಎರಡು ಕ್ರೇಟ್ ಬದನೆ ವಾಪಸ್ ತಂದು ಹಸುಗೆ ಹಾಕಿದೆ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತ್ರ, ‘ಅವ್ರು ಅಂದದ್ದು ತಪ್ಪೇ ಕಣ. ಆದ್ರೆ ಕವರ್ ನಮ್ಮನೆಗೂ ಬಂದಿತ್ತಲ್ಲ, ಅದನ್ಯಾಕೆ ಬರೀಲಿಲ್ಲ ನೀನು?’ ಅಂದ್ಲು.

ಬಂದಿತ್ತು, ನಿಜ. ಹಿಂದಿನ ಪಂಚಾಯ್ತಿ ಎಲೆಕ್ಷನ್ನಲ್ಲಿ. ಬೇಡ ಅಂದ್ರೆ ಎದುರು ಪಾರ್ಟಿಯೋನು ಅಂತ ಬರ್ಕೋತಾರೆ, ನಾಳೆ ನಲ್ಲಿ ರಿಪೇರಿಗೆ ಅವರನ್ನೇ ಕೇಳಬೇಕು. ಅದಕ್ಕೆ ಅಮ್ಮ ಇಸ್ಕೊಂಡಳು. ವೋಟು ಮಾತ್ರ ತನಗೆ ಬೇಕಾದವರಿಗೆ ಹಾಕಿದಳು. ಇಸ್ಕೊಂಡದ್ದು ಸರಿ ಅಂತ ನಾನು ಹೇಳಲ್ಲ. ಕಾನೂನಿನ ಪ್ರಕಾರ ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ಆದ್ರೆ ‘ದುಡ್ಡಿಗೆ ವೋಟು ಮಾರ್ಕೋತಾರೆ’ ಅನ್ನೋ ಒಂದು ಮಾತಲ್ಲಿ ಇದೆಲ್ಲ ಹಿಡಿಸಲ್ಲ.

ಮೂರನೇ ವಾರ ಅದೇ ಅಪಾರ್ಟ್‌ಮೆಂಟಿನ ಒಬ್ಬ ಮೇಡಂ ಗಾಡಿ ಹತ್ರ ಬಂದರು. ಆರ್ಡರ್ ನಿಲ್ಲಿಸದ 17 ಮನೇಲಿ ಅವರದ್ದೂ ಒಂದು. ‘ಅಣ್ಣಾ, ನಾನು ಬೂತಿಗೆ ಹೋಗಿದ್ದೆ. ಲಿಸ್ಟಲ್ಲಿ ಹೆಸರೇ ಇರಲಿಲ್ಲ’ ಅಂದರು. ಹಾಸನ ಕಡೆಯವರು. ಆರು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ದಾರೆ. ಹೆಸರು ಹಳೇ ಮನೆ ವಾರ್ಡಲ್ಲಿ ಉಳಿದಿರಬೇಕು ಅಥವಾ ತೆಗೆದಿರಬೇಕು. ಅಲ್ಲೇ ನಿಂತು ಇಬ್ಬರೂ ಫೋನಲ್ಲಿ ಹುಡುಕಿದ್ವಿ, ಸಿಗಲಿಲ್ಲ.

ಆಮೇಲೆ ಯೋಚನೆ ಬಂತು. ನಮ್ಮೂರಿನ ಎಷ್ಟೋ ಹುಡುಗರು ಬೆಂಗಳೂರಲ್ಲೇ ಇರೋದು, ಕ್ಯಾಬ್ ಓಡಿಸ್ಕೊಂಡು, ಫ್ಯಾಕ್ಟರೀಲಿ, ಆಫೀಸಲ್ಲಿ. ವೋಟಿನ ಹಿಂದಿನ ರಾತ್ರಿ ಬಸ್ಸಲ್ಲಿ ನೇತಾಡ್ಕೊಂಡು ಊರಿಗೆ ಬರ್ತಾರೆ. ಅವರ ವೋಟು ಹಳ್ಳಿ ಲೆಕ್ಕಕ್ಕೆ, ಆದ್ರೆ ಅವರು ನಡೆಯೋ ರಸ್ತೆ, ಕುಡಿಯೋ ನೀರು ಬೆಂಗಳೂರಿಂದು. ಇನ್ನು ಕೆಲವರ ಹೆಸರು ಎರಡೂ ಕಡೆ ಇರುತ್ತೆ, ಹಾಕೋದು ಒಂದೇ ಕಡೆ. ಹಂಗಾಗಿ ಬೆಂಗಳೂರಿನ ಲಿಸ್ಟು ಉಬ್ಬಿರುತ್ತೆ, ಶೇಕಡಾವಾರು ಇನ್ನೂ ಕೆಳಗೆ ಕಾಣುತ್ತೆ. ರಜೆಗೆ ಊರು ಬಿಟ್ಟು ಹೋಗ್ತಾರೆ ಅನ್ನೋದು ಪೂರ್ತಿ ಕಾರಣ ಅಲ್ಲ. 2023ರಲ್ಲಿ ವೋಟು ಇಟ್ಟದ್ದು ಬುಧವಾರ, 2024ರ ಲೋಕಸಭೆಗೆ ಏಪ್ರಿಲ್ 26ರ ಶುಕ್ರವಾರ. ಎರಡು ಸಲವೂ ಬೆಂಗಳೂರು ನಗರದಲ್ಲಿ ಹೆಚ್ಚುಕಡಿಮೆ ಅಷ್ಟೇ. ಅದೇ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣದಲ್ಲಿ ಶೇ 53, ನಮ್ಮ ಮಂಡ್ಯದಲ್ಲಿ ಶೇ 81 ದಾಟಿತ್ತು. ಮನೆಗೆ ಬಂದು ಹೋಗದವರನ್ನೂ ಬೈಯೋದು ಸುಲಭ, ಬೈದಿದ್ದೆ ನಾನೂ.

ಇನ್ನೊಂದು ಮಾತನ್ನ ಆ ಮೇಡಮ್ಮೇ ಹೇಳಿದ್ದು. ‘ನಿಮಗೆ ಮೆಂಬರ್ ಟೀ ಅಂಗಡೀಲಿ ಸಿಗ್ತಾರೆ, ನಮಗೆ ಕಾರ್ಪೊರೇಟರೇ ಇಲ್ಲ.’ 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಚುನಾವಣೆಯೇ ಆಗಲಿಲ್ಲ. ನಮ್ಮ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗಳದ್ದೂ 2021ರಿಂದ ಅದೇ ಕತೆ ಅಲ್ವಾ! ಅವರು ನಮ್ಮನ್ನ, ನಾವು ಅವರನ್ನ ಬೈಕೊಂಡು ಕೂತಿದ್ವಿ, ಎರಡು ಕಡೆಯೂ ಕೇಳೋಕೆ ಆರಿಸಿದ ಜನರೇ ಇರಲಿಲ್ಲ.

ನಿಮ್ಮ ಪೈಕಿ ಬೆಂಗಳೂರು, ಮೈಸೂರಲ್ಲಿ ರೂಮ್ ಮಾಡ್ಕೊಂಡಿರೋರಿಗೆ ಒಂದು ಮಾತು. ಹೆಸರು ಒಂದೇ ಕಡೆ ಇರಬೇಕು, ಎಲ್ಲಿ ಅಂತ ನೀವೇ ತೀರ್ಮಾನ ಮಾಡಿ. ಹೊಸದಾಗಿ ಸೇರಿಸೋಕೆ ಫಾರಂ 6, ಮನೆ ಬದಲಾಯಿಸಿದ್ರೆ ಫಾರಂ 8. ಚುನಾವಣಾ ಆಯೋಗದ ಆ್ಯಪಲ್ಲೇ ಹಾಕಬಹುದು. ಈಗ 18 ತುಂಬಿದವರು ಜನವರಿವರೆಗೂ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ನಾಲ್ಕೂ ಲೆಕ್ಕಕ್ಕಿವೆ. ಚುನಾವಣೆ ಘೋಷಣೆ ಆಗೋವರೆಗೆ ಕೂರಬೇಡಿ.

ಗ್ರೂಪಲ್ಲಿ ಕ್ಷಮೆ ಕೇಳಿದೆ, ಆದ್ರೆ ರಾಗಿ ಮಾತಿಗೆ ಮಾತ್ರ. ಜಿಎಸ್‌ಟಿ ಬಿಲ್ಲು, ನೀರಿನ ಮಾತು ವಾಪಸ್ ತಗೊಳ್ಳಲಿಲ್ಲ. ಇಬ್ಬರು ಮೂವರು ಬಿಲ್ಲಿನ ಬಗ್ಗೆ ವಿಚಾರಿಸಿದರು, ರೈತರಿಗೆ ಜಿಎಸ್‌ಟಿ ಇರುತ್ತೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಈಗ ರೇಟಿನ ಪಟ್ಟಿಗೆ ಒಂದು ಗ್ರೂಪು, ಮಾತಿಗೆ ಇನ್ನೊಂದು. ಮೊದಲನೇದರಲ್ಲಿ ನಾನು ಬಿಟ್ಟು ಯಾರೂ ಮೆಸೇಜ್ ಹಾಕೋಕಾಗಲ್ಲ. ನೀವೂ ಹಿಂಗೇ ಮಾಡಿ, ವ್ಯಾಪಾರಕ್ಕೆ ಒಳ್ಳೇದು.

2024ರ ಏಪ್ರಿಲ್‌ನಲ್ಲಿ ಮೇಡಂ ಶಾಯಿ ಹಚ್ಚಿದ ಬೆರಳಿನ ಫೋಟೊ ಕಳಿಸಿದ್ರು. ಈಗ 33 ಮನೆ ಆಗಿವೆ. ಆ ಮೆಸೇಜು ಹಾಕಿದ್ದ ಯಜಮಾನರು ಗಾಡಿ ಹತ್ರ ಇವತ್ತಿಗೂ ಬರಲ್ಲ. ಅವರ ಮನೆಯವರು ಬರ್ತಾರೆ, ಎರಡು ಕಟ್ಟು ನುಗ್ಗೆಸೊಪ್ಪು, ಎಳೇದು ನೋಡಿ ಕೊಡಪ್ಪ ಅಂತಾರೆ.